ಊರಿಗೆ ಬಂದವರು

ಮಲೆನಾಡಿನ ಬೇಸಿಗೆ ಕೆಲಸಕ್ಕೂ ಬಿಡುವಿಗೂ ನಡುವಿನ ಕಾಲ. ಅಡಿಕೆಯ ಕೊಯಿಲು ಮುಗಿದಿರುತ್ತದೆ. ಬೆಟ್ಟದಲ್ಲಿ ತರಗೆಲೆ ಗುಡಿಸಿ ಕೊಟ್ಟಿಗೆಗೆ ತರುವ ಕೆಲಸ ನಡೆದಿರುತ್ತದೆ. ಒಳಗೆ ಅಪ್ಪೆಮಿಡಿ ಉಪ್ಪಿನಲ್ಲಿ ನೆನೆಯುತ್ತಿದ್ದರೆ, ಹೊರಗೆ ಹಲಸಿನ ಹಪ್ಪಳ ಚಾಪೆಯ ಮೇಲೆ ಒಣಗುತ್ತಿರುತ್ತದೆ. ದೂರದ ಊರುಗಳಲ್ಲಿ ನೆಲೆಸಿದ ಮಕ್ಕಳು ಮನೆಗೆ ಬರುವುದೂ ಈ ಕಾಲದಲ್ಲಿಯೇ. ಹಿಂದೆ ಅವರು ಬೆಂಗಳೂರು, ಮುಂಬಯಿಗಳಿಂದ ಬರುತ್ತಿದ್ದರು. ಈಗ ಕಡಲಾಚೆಯಿಂದಲೂ ಬರುತ್ತಾರೆ.

2025ರ ಏಪ್ರಿಲ್ ತಿಂಗಳಲ್ಲಿ ನನ್ನ ಮಗ, ಸೊಸೆ, ಮೊಮ್ಮಗಳು ಇಂಗ್ಲೆಂಡಿನಿಂದ ವರದಹಳ್ಳಿಯ ಸಮೀಪದ ನಮ್ಮ ಮನೆಗೆ ಬಂದರು. ಮೊಮ್ಮಗಳ ಶಾಲೆಗೆ ಈಸ್ಟರ್ ಹಬ್ಬದ ಹದಿನೈದು ದಿನಗಳ ರಜೆ. ಮೂರು ವರ್ಷದ ಕೂಸಾಗಿ ಊರು ಬಿಟ್ಟವಳು ಈಗ ಹನ್ನೆರಡರ ಹುಡುಗಿ. ಬಂದ ಸಂಜೆಯೇ ಮಗನು ಜಗಲಿಯಲ್ಲಿ ಕುಳಿತು, ಮಗಳಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿ ಬರೆದನು: ಕೊಡಚಾದ್ರಿ, ನಗರದ ಕೋಟೆ, ಕವಲೇದುರ್ಗ, ಕುಪ್ಪಳಿ, ಆಗುಂಬೆ. ಎಲ್ಲಕ್ಕಿಂತ ಕೆಳಗೆ 'ಮನೆ, ತೋಟದ ವಿಚಾರ' ಎಂಬ ಒಂದು ಸಾಲು ಇತ್ತು. ಅದರ ಅರ್ಥ ನನಗೆ ತಿಳಿದಿತ್ತು. ಎರಡನ್ನೂ ಮಾರಿ ನಾವು ಮುದುಕರಿಬ್ಬರೂ ತಮ್ಮೊಡನೆ ಬಂದಿರಬೇಕೆಂಬುದು ಅವನ ಬಹುದಿನಗಳ ಒತ್ತಾಯ. ನಾನು ಆ ಮಾತನ್ನು ಎತ್ತಲಿಲ್ಲ. "ಮೊದಲು ಹತ್ತಿರದ್ದನ್ನು ನೋಡೋಣ" ಎಂದೆ.

ಮರುದಿನ ಬೆಳಗಿನ ತಂಪಿನಲ್ಲಿ ವರದಹಳ್ಳಿಯ ಆಶ್ರಮಕ್ಕೆ ನಡೆದು ಹೋದೆವು. ಸಮರ್ಥ ರಾಮದಾಸರ ಪರಂಪರೆಯ ಶ್ರೀಧರ ಸ್ವಾಮಿಗಳು ನೆಲೆಸಿ, 1973ರಲ್ಲಿ ಸಮಾಧಿಸ್ಥರಾದ ಸ್ಥಳವಿದು. ಸುತ್ತಲೂ ಕಾಡು, ನಡುವೆ ಬೇಸಿಗೆಯಲ್ಲಿಯೂ ಬತ್ತದ ತೀರ್ಥ. ಗೋಮುಖದಿಂದ ಬೀಳುವ ನೀರಿಗೆ ಮೊಮ್ಮಗಳು ಬೊಗಸೆಯೊಡ್ಡಿ, "ಅಜ್ಜ, ಇದಕ್ಕೆ ಯಾರು ಬಿಲ್ಲು ಕಟ್ಟುತ್ತಾರೆ?" ಎಂದು ಕೇಳಿದಳು. ನಾನು ನಕ್ಕುಬಿಟ್ಟೆ. ಆ ಪ್ರಶ್ನೆಯಲ್ಲಿ ನಗುವಂಥದು ಏನೂ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಅನಂತರ.

ಇನ್ನೊಂದು ದಿನ ಇಕ್ಕೇರಿಗೆ ಹೋದೆವು. ಅಘೋರೇಶ್ವರ ದೇವಾಲಯದ ಕಲ್ಲು ಹಾಸು ಬಿಸಿಲಿಗೆ ಕಾದಿತ್ತು. ಒಳಗೆ ಮಾತ್ರ ತಂಪು. ಎದುರಿನ ಮಂಟಪದಲ್ಲಿ ಬೃಹತ್ತಾದ ನಂದಿ. ಕೆಳದಿಯ ಅರಸರು ತಮ್ಮ ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೂ, ಮುಂದೆ ಬಿದನೂರಿಗೂ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೂ, ಬದಲಿಸಿದರೆಂದು ವಿವರಿಸಿದೆ. "ಅವರೂ ನಮ್ಮ ಹಾಗೆ ಊರು ಬಿಟ್ಟವರು" ಎಂದಳು ಮೊಮ್ಮಗಳು. "ಹೌದು. ಆದರೆ ಬಿದನೂರಿಗೆ ಹೋದ ಮೇಲೂ ಅವರ ಚಿನ್ನದ ನಾಣ್ಯಕ್ಕೆ ಇಕ್ಕೇರಿ ವರಹವೆಂಬ ಹೆಸರೇ ಉಳಿಯಿತು" ಎಂದೆ. ಮಗನು ನನ್ನ ಮುಖವನ್ನು ನೋಡಿದನು. ನಾನು ಇತಿಹಾಸವನ್ನಷ್ಟೇ ಹೇಳುತ್ತಿಲ್ಲವೆಂದು ಅವನಿಗೆ ಅನಿಸಿರಬೇಕು.

ಜೋಗದಲ್ಲಿ ಮೊಮ್ಮಗಳಿಗೆ ನಿರಾಶೆಯಾಯಿತು. ಮಳೆಗಾಲದಲ್ಲಿ 253 ಮೀಟರ್ ಆಳಕ್ಕೆ ಧುಮುಕುವ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳ ಸ್ಥಳದಲ್ಲಿ ಒಣ ಬಂಡೆಯ ಮೇಲೆ ಬಿಳಿ ದಾರದಂಥ ನೀರು. "ನದಿ ಎಲ್ಲಿ ಹೋಯಿತು?" ಎಂದು ಕೇಳಿದಳು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ ಜೋಗಕ್ಕಿಂತ ಮೇಲೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಇದೆ. 1964ರಲ್ಲಿ ಸಿದ್ಧವಾದ ಆ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನೀರು ಅಲ್ಲಿ ನಿಂತು, ಕಾಲುವೆ ಕೊಳವೆಗಳಲ್ಲಿ ಹರಿದು, ಯಂತ್ರಗಳನ್ನು ತಿರುಗಿಸಿ ವಿದ್ಯುತ್ತಾಗುತ್ತದೆ. ಇಷ್ಟನ್ನು ಹೇಳಿ, "ನಿನ್ನ ಅಪ್ಪ ಬೆಂಗಳೂರಿನಲ್ಲಿ ರಾತ್ರಿಯೆಲ್ಲ ಕುಳಿತು ಓದಿದ ದೀಪದಲ್ಲಿ ಈ ನದಿಯ ಪಾಲೂ ಇತ್ತು" ಎಂದೆ. "ನೀರು ನಿಂತ ಕಡೆಯನ್ನು ನೋಡೋಣವೇ?" ಎಂದಳು. ಅದು ಪಟ್ಟಿಯಲ್ಲಿ ಇರಲಿಲ್ಲ. ಆದರೂ ಹೊರಟೆವು.

ಸಾಗರದಿಂದ ಪಶ್ಚಿಮಕ್ಕೆ ಹೋದರೆ ಅಂಬಾರಗೋಡ್ಲುವಿನಲ್ಲಿ ರಸ್ತೆ ಹಿನ್ನೀರಿನ ದಡಕ್ಕೆ ಬಂದು ಮುಗಿಯುತ್ತಿತ್ತು. ಆಚೆ ಕಳಸವಳ್ಳಿ, ಅಲ್ಲಿಂದ ಮುಂದೆ ತುಮರಿ, ಸಿಗಂದೂರು. ಜಲಾಶಯ ತುಂಬಿದಂದಿನಿಂದ ಆ ದಡದ ಜನರಿಗೆ ಸಾಗರದ ಪೇಟೆ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ಲಾಂಚೇ ದಾರಿ. ನಾವು ಹೋದಾಗ ಹೊಸ ಸೇತುವೆಯ ಕೆಲಸ ಮುಗಿಯುತ್ತ ಬಂದಿತ್ತು. ಅದರ ಎತ್ತರದ ಕಂಬಗಳು ನೀರಿನ ನಡುವೆ ನಿಂತಿದ್ದವು. ನಾವು ಲಾಂಚನ್ನು ಹತ್ತಿದೆವು. ನೀರು ಇಳಿದು ದಡದುದ್ದಕ್ಕೂ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಕೆಲವೆಡೆ ಸತ್ತ ಮರಗಳ ಬೊಡ್ಡೆಗಳು ತಲೆಯೆತ್ತಿದ್ದವು.

ನಮ್ಮ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬರು ಕಂಬಿಯನ್ನು ಹಿಡಿದು ನೀರನ್ನೇ ನೋಡುತ್ತ ನಿಂತಿದ್ದರು. ಶಿವಮೊಗ್ಗೆಯ ಕಡೆಯಿಂದ ಬಂದುದಾಗಿ ಹೇಳಿದರು. ಮೊಮ್ಮಗಳು ಉತ್ಸಾಹದಿಂದ, "ಅಜ್ಜ, ನೀವೂ ರಜೆಗೆ ಊರಿಗೆ ಬಂದಿರಾ?" ಎಂದು ಕೇಳಿದಳು.

"ಊರಿಗೆ ಬಂದದ್ದಲ್ಲ ಮಗಾ, ಊರಿನ ಮೇಲೆ ಬಂದದ್ದು" ಎಂದರು ಅವರು.

ಅವಳಿಗೆ ತಿಳಿಯಲಿಲ್ಲ. ಅವರು ಕೈಚಾಚಿ ನೀರಿನ ಒಂದು ಕಡೆಯನ್ನು ತೋರಿಸಿದರು. ಅಲ್ಲಿ ಅವರ ಮನೆಯಿತ್ತು, ಗದ್ದೆಯಿತ್ತು. ಅವರಿಗೆ ಹತ್ತು ವರ್ಷವಾಗಿದ್ದಾಗ ಸಾಮಾನನ್ನು ಲಾರಿಗೆ ತುಂಬಿ ಹೊರಟರಂತೆ. ದನಗಳನ್ನು ಹೊಡೆದುಕೊಂಡು ಹೋಗುವಾಗ ಎರಡು ದನಗಳು ಹಗ್ಗ ಹರಿದುಕೊಂಡು ಹಿಂದಕ್ಕೆ ಓಡಿದವಂತೆ. "ಅವಕ್ಕೆ ಕೊಟ್ಟಿಗೆಯ ದಾರಿ ಗೊತ್ತಿತ್ತು. ಆದರೆ ದಾರಿಯೇ ನೀರಾಗಿತ್ತು" ಎಂದರು. ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಅವರ ತಂದೆ ಸಾಯುವವರೆಗೂ ಕಚೇರಿಗಳಿಗೆ ಅಲೆದರಂತೆ. ಈ ಮಾತನ್ನು ಹೇಳುವಾಗಲೂ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಕೇಳುವುದು ನಮಗೆ ಸುಲಭವಾಗುತ್ತಿತ್ತು.

ಶರಾವತಿಯ ಮುಳುಗಡೆಯಲ್ಲಿ ಹೀಗೆ ನೆಲೆ ಕಳೆದುಕೊಂಡವರು ಸಾವಿರಾರು ಮಂದಿ. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜ ಅವರು 'ದ್ವೀಪ' ಕಾದಂಬರಿಯಲ್ಲಿ ಇಂಥವರ ಬದುಕನ್ನು ಚಿತ್ರಿಸಿದ್ದಾರೆ. ಗಿರೀಶ ಕಾಸರವಳ್ಳಿಯವರು ಅದನ್ನು 2002ರಲ್ಲಿ ಚಲನಚಿತ್ರವಾಗಿಸಿದರು. ಅಣೆಕಟ್ಟು ಬೇಡವಾಗಿತ್ತೆಂದು ಹೇಳುವುದು ಸುಲಭವಲ್ಲ. ಆ ವಿದ್ಯುತ್ತಿನಿಂದ ನಾಡಿನ ಕಾರ್ಖಾನೆಗಳು ನಡೆದವು. ನನ್ನ ತರಗತಿಯಲ್ಲಿಯೂ ದೀಪ ಉರಿಯಿತು. ಆದರೆ ಪಡೆದವರು ಯಾರು, ತೆತ್ತವರು ಯಾರು ಎಂಬ ಲೆಕ್ಕವನ್ನು ನಾವು ಮರೆಯಬಾರದು.

ಅಂದು ಸಂಜೆ ಮನೆಯಲ್ಲಿ ಮಾತು ಕಡಿಮೆಯಿತ್ತು. ಮೊಮ್ಮಗಳು ತೋಟದ ಬಾವಿಯ ಕಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದಳು. ಉಳಿದ ದಿನಗಳಲ್ಲಿ ನಾವು ದೂರಕ್ಕೆ ಹೋಗಲಿಲ್ಲ. ಹುಡುಗಿ ಅಜ್ಜಿಯೊಡನೆ ಬೆಟ್ಟಕ್ಕೆ ಹೋಗಿ ಕವಳಿ ಹಣ್ಣು ಕಿತ್ತಳು. ಮಗನು ತೋಟದ ಕಪ್ಪುಗಳಲ್ಲಿ ನನ್ನೊಡನೆ ಓಡಾಡಿದನು. ಹೊರಡುವ ಹಿಂದಿನ ರಾತ್ರಿ ಅವನು, "ಅಪ್ಪಯ್ಯ, ಆ ವಿಚಾರ ಮುಂದಿನ ವರ್ಷ ಬಂದಾಗ ಮಾತಾಡೋಣ" ಎಂದನು. ನಾನು ಆಗಲಿ ಎಂದೆ. ಸಮಸ್ಯೆ ಬಗೆಹರಿಯಿತೆಂದು ನಾನು ಹೇಳಲಾರೆ. ತೋಟಕ್ಕೆ ಕೆಲಸದವರು ಸಿಗುವುದಿಲ್ಲ, ನಮಗೆ ವಯಸ್ಸಾಗಿದೆ. ಅವನ ಕಳವಳವೂ ನ್ಯಾಯವಾದುದೇ. ಆದರೆ ಮಗ ಊರು ಬಿಟ್ಟನೆಂದು ನಾನು ವರ್ಷಗಟ್ಟಲೆ ಮನಸ್ಸಿನೊಳಗೆ ಸಾಕಿಕೊಂಡಿದ್ದ ಮುನಿಸು ಅಂದು ಬಹುಪಾಲು ಇಳಿಯಿತು. ಬಿಟ್ಟುಹೋದ ಊರಿಗೆ ಮರಳಿ ಬರಬಹುದು, ಬಾಗಿಲನ್ನು ತಟ್ಟಬಹುದು. ಅದು ಎಲ್ಲರಿಗೂ ಸಿಕ್ಕ ಭಾಗ್ಯವಲ್ಲ.

2025ರ ಜುಲೈ 14ರಂದು ಆ ಸೇತುವೆ ಸಂಚಾರಕ್ಕೆ ತೆರೆಯಿತು. ಆರು ದಶಕಗಳಿಂದ ದ್ವೀಪದಂತೆ ಬದುಕಿದ ಜನರಿಗೆ ದಾರಿಯಾಯಿತು. ಎರಡು ಕಿಲೋಮೀಟರಿಗೂ ಉದ್ದವಾದ ಅದನ್ನು ಬಸ್ಸು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ನೀವು ಎಂದಾದರೂ ರಜೆಯಲ್ಲಿ ಅಲ್ಲಿಗೆ ಹೋದರೆ, ದಾಟುವಾಗ ಒಮ್ಮೆ ಕೆಳಗೆ ನೋಡಿರಿ. ಅಲ್ಲಿ ನೀರಿದೆ, ನೀರಿನ ಕೆಳಗೆ ಊರುಗಳಿವೆ.