ಚಾಚಿದ ಕಿವಿ ಮತ್ತು ನಮ್ಮ ನಾಲಿಗೆ

ಹಿರಿಯೂರಾಗಲಿ, ಹೊಸದುರ್ಗ, ಹೊಳಲ್ಕೆರೆಯಾಗಲಿ, ಕಿವಿ ಹೊರಕ್ಕೆ ಚಾಚಿದ ಹುಡುಗನಿಗೆ 'ಮೊರದ ಕಿವಿ', 'ಆನೆ ಕಿವಿ' ಎಂಬ ಅಡ್ಡಹೆಸರು ತಪ್ಪಿದ್ದಲ್ಲ. ಹೆಣ್ಣುಮಗುವಾದರೆ ತಾಯಿಗೆ ಮದುವೆಯ ಚಿಂತೆ. ಬೆಂಗಳೂರಿನಂತಹ ನಗರಗಳಲ್ಲಿ ಇದಕ್ಕೆ ಶಸ್ತ್ರಚಿಕಿತ್ಸೆ ಇದೆಯೆಂದು ಕೇಳಿದ ಚಿತ್ರದುರ್ಗದ ಕಡೆಯ ಹೆತ್ತವರಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತಾಗುವುದಿಲ್ಲವೇ? ಸೂರಃ ಅನ್ನಿಸಾದ 119ನೇ ಸೂಕ್ತ ಅಂತಹ ಬದಲಾವಣೆಯನ್ನು ಶೈತಾನನ ಪ್ರೇರಣೆಯೆಂದು ತಿಳಿಸುವುದರಿಂದ ಈ ಭಯ ಸಹಜವೇ ಆಗಿದೆ.

ಕಿವಿಯ ಮೃದ್ವಸ್ಥಿಯ ಒಳಮಡಿಕೆ ಸರಿಯಾಗಿ ಮೂಡದಿದ್ದರೆ ಅಥವಾ ಕಿವಿಯ ಬಟ್ಟಲು ಹೆಚ್ಚು ಆಳವಾಗಿದ್ದರೆ ಕಿವಿ ಚಾಚುತ್ತದೆ. ಇದರಿಂದ ಶ್ರವಣಶಕ್ತಿಗೆ ಕುಂದಿಲ್ಲ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಮೃದ್ವಸ್ಥಿ ಮೆತ್ತಗಿರುವುದರಿಂದ ವೈದ್ಯರು ಅಚ್ಚು ಕಟ್ಟಿ, ಕೊಯ್ಯದೆಯೇ ತಿದ್ದಬಲ್ಲರು. ಅನಂತರವಾದರೆ, ಸಾಮಾನ್ಯವಾಗಿ 5-6 ವರ್ಷ ತುಂಬಿದ ಮೇಲೆ ಕಿವಿಯ ಹಿಂಭಾಗದಲ್ಲಿ ಕೊಯ್ದು ಹೊಲಿಗೆ ಹಾಕುತ್ತಾರೆ. ನಂಜಾಗುವ, ರಕ್ತ ಹೆಪ್ಪುಗಟ್ಟುವ, ಕಿವಿ ಮತ್ತೆ ಚಾಚುವ ಅಪಾಯಗಳೂ ಉಂಟು.

ಹಚ್ಚೆ ಹಾಕಿಸಿಕೊಳ್ಳುವ, ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಳ್ಳುವ ಸ್ತ್ರೀಯರನ್ನು ಶಪಿಸುವ ಹದೀಸನ್ನು ಅಬ್ದುಲ್ಲಾ ಇಬ್ನು ಮಸ್‌ಊದ್(ರ) ವರದಿ ಮಾಡಿದ್ದಾರೆ. ಇಲ್ಲಿ ಸೌಂದರ್ಯಕ್ಕಾಗಿ ಎಂಬ ಮಾತು ಮುಖ್ಯ. ಚಿಕಿತ್ಸೆಗಾಗಿ ಅಥವಾ ಹಲ್ಲಿನ ದೋಷ ನಿವಾರಣೆಗಾಗಿ ಮಾಡಿಸಿದರೆ ಅಡ್ಡಿಯಿಲ್ಲವೆಂದು ಇಮಾಮ್ ನವವಿ ವಿವರಿಸಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜಾ(ರ) ಬೆಳ್ಳಿಯ ಮೂಗು ಇಟ್ಟುಕೊಂಡಿದ್ದರು. ಅದು ನಾರತೊಡಗಿದಾಗ, ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಚಿನ್ನದ ಮೂಗು ಇಟ್ಟುಕೊಳ್ಳುವಂತೆ ಪ್ರವಾದಿಯವರು(ಸ) ಅವರಿಗೆ ಹೇಳಿದರು. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ, ಸೀಳುತುಟಿಯಂತಹ ಜನ್ಮದೋಷಗಳನ್ನೂ ದೇಹಕ್ಕೆ ಅಥವಾ ಮನಸ್ಸಿಗೆ ನೋವು ತರುವ ವಿಕಾರಗಳನ್ನೂ ಸರಿಪಡಿಸಲು ಅನುಮತಿಸಿತು. ಸಹಜ ರೂಪವನ್ನು ಬರೇ ಚೆಂದಕ್ಕಾಗಿ ಬದಲಿಸುವುದನ್ನು ನಿಷೇಧಿಸಿತು.

ಆದ್ದರಿಂದ ಕಿವಿ ಸಾಮಾನ್ಯ ಮಿತಿ ಮೀರಿ ಚಾಚಿದ್ದು, ಮಗು ನಿಜಕ್ಕೂ ನೊಂದಿದ್ದರೆ, ನುರಿತ ವೈದ್ಯರ ಮತ್ತು ಉಲಮಾಗಳ ಸಲಹೆ ಪಡೆದು ಮುಂದುವರಿಯಲು ಅವಕಾಶವಿದೆ. ತುಸುವೇ ಚಾಚಿದ ಕಿವಿಯನ್ನು ನೆಂಟರ ಮೆಚ್ಚುಗೆಗಾಗಿ ಕೊಯ್ಯಿಸುವುದು ಸರಿಯಲ್ಲ. ತನ್ನ ಕಿವಿಯ ಬಗ್ಗೆ ಚಿಂತೆಯೇ ಇಲ್ಲದ ಮಗುವನ್ನು ಒತ್ತಾಯಿಸಲೂ ಬಾರದು.

ಇನ್ನೊಂದು ಮಾತು. ಬಹಳ ಸಲ ಮಗುವನ್ನು ನೋಯಿಸುವುದು ನಮ್ಮ ನಾಲಿಗೆ. ಅಪಹಾಸ್ಯವನ್ನೂ ಅಡ್ಡಹೆಸರನ್ನೂ ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತ ನಿಷೇಧಿಸಿದೆ. ಮೇಲಿನ ಹದೀಸನ್ನು ವರದಿ ಮಾಡಿದ ಇಬ್ನು ಮಸ್‌ಊದ್(ರ)ರ ಕಾಲುಗಳು ತೀರಾ ತೆಳ್ಳಗಿದ್ದವು. ಅವನ್ನು ಕಂಡು ಸಂಗಾತಿಗಳು ನಕ್ಕಾಗ, ಅವು ಅಲ್ಲಾಹನ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವೆಂದು ಪ್ರವಾದಿಯವರು(ಸ) ತಿಳಿಸಿದರು. ಶಸ್ತ್ರಚಿಕಿತ್ಸೆ ಮಾಡಿಸಲಿ, ಬಿಡಲಿ, ಈ ಪ್ರಸಂಗವನ್ನು ನಮ್ಮ ಮಕ್ಕಳು ಮೊದಲು ಮನೆಯಲ್ಲಿ ಕೇಳಲಿ. ಮನೆಯಲ್ಲೂ ಮದ್ರಸದಲ್ಲೂ ಅಡ್ಡಹೆಸರು ಇಂದೇ ನಿಲ್ಲಲಿ. ಅದಕ್ಕೆ ವೈದ್ಯರೂ ಬೇಡ, ಹಣವೂ ಬೇಡ.