ಮುಂದಿನ ಕೈಯ ಮೇಲೆ ಕಣ್ಣಿರಲಿ

ಟೀಮ್ ಲೀಡ್ ಆದೆಯಂತೆ, ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಸಂತೋಷ ಕಣಮ್ಮ. ಮಾನ್ಯತಾ ಟೆಕ್ ಪಾರ್ಕಿನ ನಿಮ್ಮ ಕೆಲಸದ ಒಳಹೊರಗು ನನಗೆ ಗೊತ್ತಿಲ್ಲ. ಜನ ಸೇರಿ ದುಡಿಯುವುದರ ಬಗ್ಗೆ ಮಾತ್ರ ಮಾವನ ಒಂದು ಮಾತು ಕೇಳು.

ನಮ್ಮ ಯಲಹಂಕದ ರೈಲ್ ವೀಲ್ ಫ್ಯಾಕ್ಟರಿ ನಿನಗೆ ಗೊತ್ತಲ್ಲ? 1984ರಲ್ಲಿ ಶುರುವಾದದ್ದು, ಹಳಬರ ಬಾಯಲ್ಲಿ ಇವತ್ತಿಗೂ ವೀಲ್ ಅಂಡ್ ಆಕ್ಸಲ್. ಅಲ್ಲಿ ಸವೆದ ಗಾಲಿ, ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವವರು ಒಬ್ಬರು. ಅದರ ಮಾದರಿ ಪರೀಕ್ಷಿಸುವವರು ಇನ್ನೊಬ್ಬರು. ಗ್ರಾಫೈಟ್ ಅಚ್ಚಿಗೆ ತುಂಬುವವರು, ಕಾಯಿಸಿ ಹದಕ್ಕೆ ತರುವವರು, ಒಳಬಿರುಕು ಹುಡುಕುವವರು, ಆಕ್ಸಲ್‌ಗೆ ಕೂರಿಸುವವರು ಎಲ್ಲ ಬೇರೆ ಬೇರೆ. ಕರಗಿದ ಉಕ್ಕು ಯಾರಿಗೂ ಕಾಯುವುದಿಲ್ಲ. ಹಾಗಾಗಿ ತನ್ನ ಕೆಲಸ ಮುಗಿಸಿದರೆ ಸಾಲದು. ಮುಂದಿನವನಿಗೆ ಯಾವಾಗ, ಎಂಥದ್ದು ಬೇಕು ಅನ್ನುವುದು ಪ್ರತಿಯೊಬ್ಬನಿಗೂ ಗೊತ್ತಿರಬೇಕು.

ತಂಡ ಎಡವುವುದೂ ಅಲ್ಲೇ, ಒಂದು ಕೈಯಿಂದ ಇನ್ನೊಂದು ಕೈಗೆ ಕೆಲಸ ದಾಟುವಾಗ. ನಿನ್ನ ಹುಡುಗರಲ್ಲಿ ಜಾಣರಿಗೇನೂ ಬರವಿರುವುದಿಲ್ಲ. ‘ನನ್ನದು ಮುಗೀತು’ ಎಂದು ಲ್ಯಾಪ್‌ಟಾಪ್ ಮುಚ್ಚುವವನಿಗೆ, ಅದನ್ನು ಎತ್ತಿಕೊಳ್ಳುವವರ ಪಾಡು ತಿಳಿದಿರುವುದಿಲ್ಲ, ಅಷ್ಟೇ. ವಾರಕ್ಕೊಮ್ಮೆ ಅವರಿಬ್ಬರನ್ನೂ ಒಟ್ಟಿಗೆ ಕೂರಿಸು. ರಾತ್ರಿ ಪಾಳಿಗೆ ಒಪ್ಪಿಸುವಾಗ ಬಾಯಿಮಾತು ಬೇಡ. ಆದದ್ದು, ಉಳಿದದ್ದು, ಅನುಮಾನ ಇರುವುದು ಮೂರನ್ನೂ ಬರೆದಿಡಲಿ.

ತಪ್ಪು ಕಂಡವರಿಗೆ ಕೆಲಸ ನಿಲ್ಲಿಸುವ ಅಧಿಕಾರ ಕೊಡು, ನೆನ್ನೆ ಸೇರಿದ ಹುಡುಗಿಯಾದರೂ ಸರಿ. ಬಿರುಕು ಬಿಟ್ಟ ಗಾಲಿಯನ್ನು ತಡೆದವರ ಮೇಲೆ ಸಿಡುಕಿದರೆ, ಮುಂದಿನ ಬಿರುಕನ್ನು ಯಾರೂ ತೋರಿಸುವುದಿಲ್ಲ. ಕೆಟ್ಟ ಸುದ್ದಿ ತಂದವರಿಗೆ ಮೊದಲು ಥ್ಯಾಂಕ್ಸ್ ಹೇಳು. ಏನಾಯಿತು ಅಂತ ವಿಚಾರಿಸು. ಯಾರಿಂದಾಯಿತು ಅನ್ನುವುದು ಆಮೇಲಿರಲಿ.

ಇನ್ನೊಂದು. ನಿನಗೆ ಆರ್.ಟಿ. ನಗರದಿಂದ ಆಫೀಸು ಹತ್ತಿರ. ದೊಡ್ಡಬಳ್ಳಾಪುರದಿಂದ ಬರುವವನು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮುಖ್ಯವಾದ ಮೀಟಿಂಗ್ ಇಟ್ಟುಕೊಳ್ಳಬೇಡ. ಅವನಿಲ್ಲದೆ ತೀರ್ಮಾನ ಮಾಡಿ ಆಮೇಲೆ ಕೈಗಿತ್ತರೆ, ಅದು ಅವನಿಗೆ ಬರೀ ಅಪ್ಪಣೆ.

ಸೋಮವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳು: ‘ನಿನ್ನ ಕೆಲಸ ಮುಂದೆ ಯಾರ ಕೈಗೆ ಹೋಗುತ್ತೆ? ಅವರಿಗೆ ನಿನ್ನಿಂದ ಏನು ತೊಂದರೆ?’ ಉತ್ತರ ಗೊತ್ತಿಲ್ಲದವರಿಂದಲೇ ನಿನ್ನ ಕೆಲಸ ಶುರುಮಾಡು. ಆ ಪ್ರಶ್ನೆಗೆ ಮೊದಲು ನೀನೇ ಉತ್ತರ ಹುಡುಕಿಟ್ಟುಕೊಂಡಿರು.