ಟಿಲ್ಲರಿನ ಗೇರು

ಶಿಕಾರಿಪುರ, ಸೊರಬದ ಕಡೆ ಮಳೆ ಹಿಡಿಯಿತು ಅಂದರೆ ಗದ್ದೆಗಳಲ್ಲಿ ಪವರ್ ಟಿಲ್ಲರ್ ಸದ್ದು. ನಮ್ಮ ಸಣ್ಣ ಗದ್ದೆಗಳಿಗೆ ಇದು ಒಗ್ಗುತ್ತದೆ. ಓಡಿಸಲು ಬಹಳ ಜನಕ್ಕೆ ಬರುತ್ತದೆ. ಆದರೆ ಗೇರು ಹಾಕಿದಾಗ ಒಳಗೆ ಏನಾಗುತ್ತದೆ? ನೋಡೋಣ ಬನ್ನಿ.

ಆಲೆಮನೆಯ ಗಾಣ ನೋಡಿದ್ದೀರಲ್ಲ? ಅದರಲ್ಲಿ ಹಲ್ಲಿನ ಚಕ್ರಗಳಿರುತ್ತವೆ. ಒಂದು ತಿರುಗಿದರೆ ಪಕ್ಕದ್ದೂ ತಿರುಗುತ್ತದೆ. ಟಿಲ್ಲರಿನ ಗೇರು ಪೆಟ್ಟಿಗೆಯಲ್ಲೂ ಇಂಥವೇ ಚಕ್ರ. ಚಿಕ್ಕ ಚಕ್ರಕ್ಕೆ 12 ಹಲ್ಲು, ದೊಡ್ಡದಕ್ಕೆ 48 ಹಲ್ಲು ಅಂತ ಇಟ್ಟುಕೊಳ್ಳಿ. ಚಿಕ್ಕದು 4 ಸುತ್ತು ಸುತ್ತಿದರೆ ದೊಡ್ಡದು ಒಂದೇ ಸುತ್ತು. ವೇಗ ಇಳಿಯಿತು, ಎಳೆಯುವ ಶಕ್ತಿ ಏರಿತು. ಅದಕ್ಕೇ ಕೆಸರಿನಲ್ಲಿ ಕೆಳಗಿನ ಗೇರು, ರಸ್ತೆಗೆ ಮೇಲಿನ ಗೇರು. ಎರಡು ಚಕ್ರಗಳ ನಡುವೆ ಇನ್ನೊಂದು ಚಕ್ರ ಬಂದರೆ ತಿರುಗುವ ದಿಕ್ಕು ಬದಲು. ಅದೇ ರಿವರ್ಸ್.

ಕ್ಲಚ್ಚು ಬಿಡಿಸದೆ ಗೇರು ಹಾಕಿದರೆ ಹಲ್ಲಿಗೆ ಹಲ್ಲು ತಾಗಿ ಕರಕರ ಅನ್ನುತ್ತದೆ. ಹಲ್ಲು ಮುರಿದರೆ ನಾಟಿ ಹೊತ್ತಿನಲ್ಲೇ ಕೆಲಸ ನಿಂತಿತು, ದುಡ್ಡೂ ಹೋಯಿತು.

ಹಿಡಿಕೆಗಳ ಹತ್ತಿರ ಇನ್ನೆರಡು ಕ್ಲಚ್ಚು ಇವೆ. ತಿರುಗಿಸೋದು ಅವುಗಳಿಂದ. ಇವಕ್ಕೂ ಒಳಗೆ ಹಲ್ಲುಗಳೇ ಕಚ್ಚಿಕೊಳ್ಳಬೇಕು. (ಸಮುದ್ರದ ದೋಣಿಗೆ ಕಟ್ಟುವ ಮೋಟಾರಿನಲ್ಲೂ ಗೇರು ಬೀಳುವುದು ಹೀಗೇ.) ಎಡದ್ದನ್ನು ಒತ್ತಿದರೆ ಎಡಗಾಲಿಗೆ ಎಂಜಿನ್ನಿನ ಶಕ್ತಿ ತಪ್ಪುತ್ತದೆ. ಬಲಗಾಲಿ ಮಾತ್ರ ದೂಡುತ್ತದೆ. ಟಿಲ್ಲರ್ ಎಡಕ್ಕೆ ತಿರುಗುತ್ತದೆ.

ಇಳಿಜಾರಿನಲ್ಲಿ ಮಾತ್ರ ಇದು ತಿರುವುಮುರುವು! ಅಲ್ಲಿ ಎಂಜಿನ್ ಗಾಲಿಗಳನ್ನು ದೂಡುವುದಿಲ್ಲ, ತಡೆದು ಹಿಡಿಯುತ್ತದೆ. ಎಡದ ಕ್ಲಚ್ಚು ಒತ್ತಿದರೆ ಎಡಗಾಲಿಗೆ ಆ ತಡೆ ತಪ್ಪಿತು. ಅದು ಜೋರಾಗಿ ಓಡುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಎಡಕ್ಕೆ ಹೋಗಲು ಹೊರಟವರು ಬಲಗಡೆಯ ಹೊಂಡಕ್ಕೆ ಬೀಳಬಹುದು. ಟ್ರೇಲರಿನಲ್ಲಿ ಭತ್ತದ ಚೀಲ, ಮೇಲೆ ಜನ ಕೂತಿದ್ದರೆ ಗತಿ ಏನು? ಆದ್ದರಿಂದ ಇಳಿಜಾರಿಗೆ ಮೊದಲೇ ಕೆಳಗಿನ ಗೇರು ಹಾಕಿ. ಆ ಎರಡು ಕ್ಲಚ್ಚು ಮುಟ್ಟಬೇಡಿ. ಹಿಡಿಕೆಯನ್ನೇ ದೂಡಿ ನಿಧಾನವಾಗಿ ತಿರುಗಿಸಿ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡುವವರು ಇದ್ದಾರೆ. ಆಗ ಎಂಜಿನ್ನಿನ ತಡೆ ಪೂರ್ತಿ ಹೋಗುತ್ತದೆ.

ರಿವರ್ಸಿಗೂ ಒಂದು ಕ್ರಮ ಇದೆ. ಗದ್ದೆ ಉಳುವಾಗ ತಿರುಗುವ ಕತ್ತಿಗಳು ನಮ್ಮ ಕಾಲಿನ ಮುಂದೆಯೇ ಇರುತ್ತವೆ. ರಿವರ್ಸಿನಲ್ಲಿ ಅವು ನಮ್ಮ ಕಡೆಗೇ ಬರುತ್ತವೆ. ಕ್ಲಚ್ಚು ತಟ್ಟನೆ ಬಿಟ್ಟರೆ ಹಿಡಿಕೆ ಮೇಲಕ್ಕೆ ಏಳುತ್ತದೆ. ಮೊದಲು ಕತ್ತಿ ನಿಲ್ಲಿಸಿ. ಹಿಂದೆ ತಿರುಗಿ ನೋಡಿ, ಅಂಚೋ ಮರವೋ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಎಂಜಿನ್ ವೇಗ ತಗ್ಗಿಸಿ ಗೇರು ಹಾಕಿ. ಆಮೇಲೆ ಹಿಡಿಕೆಯನ್ನು ಕೆಳಕ್ಕೆ ಒತ್ತಿ ಹಿಡಿದು ಕ್ಲಚ್ಚನ್ನು ಮೆಲ್ಲಗೆ ಬಿಡಿ.